ತುಟಿ ದಪ್ಪ ಆತೇನ್ರಿ?

ಹುಬ್ಬಳ್ಳಿ-ಧಾರವಾಡದ ಯಾವ ಹಲ್ಲಿನ ದವಾಖಾನೆಗೆ ಹೋದರೂ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಕೆಳದವಡೆಗೆ ಇಂಜೆಕ್ಷನ್ ಕೊಟ್ಟು ಐದು ನಿಮಿಷ ಹೊರಗೆ ಕೂರಿಸಿರುತ್ತಾರೆ. ಮತ್ತೆ ಒಳಗೆ ಕರೆದಾಗ ಮೊದಲು ಕೇಳುವುದು ಹಲ್ಲಿನ ಮಾತಲ್ಲ. "ತುಟಿ ದಪ್ಪ ಆತೇನ್ರಿ?" "ಹೌದ್ರಿ, ಅರ್ಧಾ ತುಟಿ ಇಲ್ಲದಂಗ ಆಗೇತ್ರಿ" ಎಂದರೆ ಮಾತ್ರ ಡಾಕ್ಟರ ಕೈ ಇಕ್ಕಳದ ಕಡೆ ಹೋಗುತ್ತದೆ. ದಪ್ಪ ಎಂದರೆ ಇಲ್ಲಿ ಊತವಲ್ಲ, ಜೋಮು. ನೋಯುತ್ತಿರುವುದು ಹಿಂದಿನ ದವಡೆ ಹಲ್ಲು. ಸೂಜಿ ಹೋದದ್ದು ಅದಕ್ಕಿಂತ ಹಿಂದೆ, ಗಂಟಲ ಬಾಗಿಲ ಹತ್ತಿರ. ಆದರೆ ವಿಚಾರಣೆ ಮುಂದಿನ ತುಟಿಯದು. ಬಾಯಿಯ ನರಗಳ ದಾರಿ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ, ಗೊತ್ತಿಲ್ಲದವರಿಗೆ ಬಾಯಿಯ ಅರ್ಧ ಕಾಯಿಲೆಗಳೇ ಒಗಟು. ಆ ದಾರಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ದಂತವೈದ್ಯ ಓದುತ್ತಿರುವ ಮಕ್ಕಳಿಗೂ ಆಗಬೇಕು, ನೋವು ತಿಂದು ಕುಳಿತವರಿಗೂ ಆಗಬೇಕು.

ಮೆದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೋಡಿ. ಅದರಲ್ಲಿ ಐದನೆಯದು ಟ್ರೈಜೆಮಿನಲ್. ಮುಖದ ಚರ್ಮ, ಹಲ್ಲು, ಒಸಡು, ನಾಲಿಗೆಯ ಮುಂಭಾಗ, ಇವೆಲ್ಲದರ ಸ್ಪರ್ಶ, ನೋವು, ಬಿಸಿ-ತಂಪು ಇದರ ಪಾಲು. ಹೊರಟು ಸ್ವಲ್ಪ ದೂರ ಬಂದ ಮೇಲೆ ಕಿವಿಯ ಮುಂದೆ, ಒಳಗಡೆ, ಒಂದು ಗಂಟಾಗಿ ಮೂರು ಕವಲಾಗುತ್ತದೆ. ಮೊದಲನೆಯದು ಕಣ್ಣಿನ ಸುತ್ತ ಮತ್ತು ಹಣೆಗೆ, ಎರಡನೆಯದು ಮೇಲ್ದವಡೆ ಮತ್ತು ಕೆನ್ನೆಗೆ, ಮೂರನೆಯದು ಕೆಳದವಡೆಗೆ. ಅಗಿಯುವ ಸ್ನಾಯುಗಳನ್ನು ನಡೆಸುವ ಎಳೆಗಳು ಈ ಮೂರನೆಯ ಕವಲಿನಲ್ಲಿ ಮಾತ್ರ ಇವೆ. ಉಳಿದೆರಡು ಬರೀ ಸುದ್ದಿ ಒಯ್ಯುವವು.

ಇಲ್ಲೇ ಒಂದು ಮಾತು ಹೇಳಿಬಿಡಬೇಕು, ಯಾಕೆಂದರೆ ನಮ್ಮ ಕಡೆ ಹಳ್ಳಿಯಿಂದ ಬರುವವರಲ್ಲಿ ಈ ಭಯ ಬಲವಾಗಿದೆ: "ಮ್ಯಾಲಿನ ಹಲ್ಲ ಕೀಳಿಸಿದ್ರ ಕಣ್ಣ ಮಂದ ಆಗ್ತಾವಂತ್ರಿ." ಆಗುವುದಿಲ್ಲ. ನೋಟವನ್ನು ಒಯ್ಯುವುದು ಎರಡನೇ ಜೋಡಿ ನರ, ಆಪ್ಟಿಕ್. ಅದು ಕಣ್ಣುಗುಡ್ಡೆಯ ಹಿಂಬದಿಯಿಂದ ನೇರ ಮೆದುಳಿಗೆ ಹೋಗುತ್ತದೆ, ಹಲ್ಲಿನ ಬೇರಿನ ಹತ್ತಿರಕ್ಕೂ ಸುಳಿಯುವುದಿಲ್ಲ. ಭಯ ಹುಟ್ಟಿದ್ದು ಎಲ್ಲಿಂದ ಎಂದು ಊಹಿಸಬಹುದು. ಮೇಲಿನ ಕೋರೆ ಹಲ್ಲಿನ ಬೇರು ಉದ್ದ. ಅದು ಕೀವಾದರೆ ಬಾವು ಕಣ್ಣಿನ ಕೆಳರೆಪ್ಪೆಯವರೆಗೆ ಏರಿ ಕಣ್ಣು ಮುಚ್ಚಿಹೋಗುತ್ತದೆ. ಅಂಥ ಹೊತ್ತಲ್ಲಿ ಕಣ್ಣಿಗೆ ಅಪಾಯ ಇರುವುದು ಹಲ್ಲು ಕಿತ್ತಿದ್ದರಿಂದಲ್ಲ, ಕೀವಾದ ಹಲ್ಲನ್ನು ಹಾಗೇ ಇಟ್ಟುಕೊಂಡಿದ್ದರಿಂದ.

ಈಗ ಕೆಳದವಡೆಗೆ ಬರೋಣ, ಯಾಕೆಂದರೆ ಪ್ರಶ್ನೆ ಅಲ್ಲಿನದು. ಮೂರನೆಯ ಕವಲು ತಲೆಬುರುಡೆಯ ತಳದ ಒಂದು ಅಂಡಾಕಾರದ ರಂಧ್ರದಿಂದ ಕೆಳಗಿಳಿದು ಮತ್ತೆ ಟಿಸಿಲೊಡೆಯುತ್ತದೆ. ಅದರಲ್ಲಿ ದೊಡ್ಡ ಟಿಸಿಲು ಇನ್‌ಫೀರಿಯರ್ ಆಲ್ವಿಯೋಲಾರ್ ನರ. ಕೆಳದವಡೆಯ ಎಲುಬು ಕಿವಿಯ ಕಡೆ ನೆಟ್ಟಗೆ ಮೇಲೇರುತ್ತದಲ್ಲ, ಆ ನಿಂತ ಭಾಗದ ಒಳಮೈಯಲ್ಲಿ ಸುಮಾರು ನಡುವೆ ಒಂದು ರಂಧ್ರ ಇದೆ. ರಂಧ್ರದ ಮುಂದೆ ನಾಲಿಗೆಯ ಆಕಾರದ ಪುಟ್ಟ ಎಲುಬಿನ ಚೂರು ಚಾಚಿಕೊಂಡಿದೆ, ಅದರ ಹೆಸರು ಲಿಂಗ್ಯುಲಾ. ನರ ಈ ರಂಧ್ರದಲ್ಲಿ ಎಲುಬಿನ ಒಳಗೆ ಹೊಕ್ಕು, ಎಲುಬಿನೊಳಗಿನ ಕಾಲುವೆಯಲ್ಲಿ ದವಡೆ ಹಲ್ಲುಗಳ ಬೇರುಗಳ ಕೆಳಗೆ ಮುಂದೆ ಮುಂದೆ ಸಾಗುತ್ತದೆ, ಹಾದಿಯಲ್ಲಿ ಪ್ರತಿ ಬೇರಿಗೂ ಒಂದೊಂದು ಎಳೆ ಬಿಡುತ್ತದೆ. ದವಡೆ ಹಲ್ಲು ಮುಗಿದು ಸಣ್ಣ ದವಡೆ ಹಲ್ಲುಗಳ ಬೇರಿನ ತುದಿಗೆ ಬಂದಾಗ ಅದರ ಒಂದು ಪಾಲು ಮೆಂಟಲ್ ರಂಧ್ರದಿಂದ ಹೊರಬಿದ್ದು ಗದ್ದ ಮತ್ತು ಕೆಳತುಟಿಗೆ ಹರಡುತ್ತದೆ. ಉಳಿದ ಪಾಲು ಎಲುಬಿನೊಳಗೇ ಮುಂದುವರಿದು ಮುಂದಿನ ಹಲ್ಲುಗಳನ್ನು ನೋಡಿಕೊಳ್ಳುತ್ತದೆ.

ಅಂದರೆ ಒಂದೇ ದಾರ. ಹಿಂದಿನ ತುದಿಯಲ್ಲಿ ಅದನ್ನು ಹಿಡಿದರೆ ಹಲ್ಲೂ ತುಟಿಯೂ ಒಟ್ಟಿಗೆ ಮಲಗಬೇಕು. ಹಲ್ಲು ಮಲಗಿತೋ ಇಲ್ಲವೋ ಮುಟ್ಟದೆ ತಿಳಿಯದು. ತುಟಿ ಮಲಗಿದ್ದು ಪೇಷೆಂಟ್ ಬಾಯಲ್ಲೇ ತಿಳಿಯುತ್ತದೆ. ಅದಕ್ಕೇ ಆ ಪ್ರಶ್ನೆ.

ಮೇಲ್ದವಡೆಗೆ ಇಷ್ಟು ದೂರದಿಂದ ಸೂಜಿ ಹಾಕಬೇಕಿಲ್ಲ. ಅಲ್ಲಿನ ಎಲುಬಿನ ಹೊರಪದರ ತೆಳು, ಸಣ್ಣ ಸಣ್ಣ ತೂತುಗಳಿಂದ ತುಂಬಿದ್ದು. ಹಲ್ಲಿನ ಬೇರಿನ ಎದುರು, ಕೆನ್ನೆ ಮತ್ತು ಒಸಡಿನ ನಡುವಿನ ಮಡಿಕೆಯಲ್ಲಿ ಒಂದು ಎಂಎಲ್ ಔಷಧಿ ಬಿಟ್ಟರೆ ಎಲುಬಿನ ಮೂಲಕ ಜಿನುಗಿ ಬೇರಿನ ತುದಿ ಮುಟ್ಟುತ್ತದೆ. ಕೆಳದವಡೆ ಹಲ್ಲುಗಳ ಹತ್ತಿರ ಹೊರ ಎಲುಬು ದಪ್ಪ, ಬಿಗಿ. ಔಷಧಿ ಹೊರಗೇ ನಿಲ್ಲುತ್ತದೆ. ಮೇಲ್ದವಡೆಯಲ್ಲಿ ತೊಂದರೆ ಇರುವುದು ಅಂಗುಳಿನಲ್ಲಿ. ಅಲ್ಲಿನ ಒಸಡು ಎಲುಬಿಗೆ ಬಿಗಿಯಾಗಿ ಅಂಟಿರುವುದರಿಂದ ಔಷಧಿ ಹರಡಲು ಜಾಗ ಸಿಗದೆ ಅದುಮುತ್ತದೆ. ಬಾಯಿಯಲ್ಲಿ ಅತಿ ನೋಯುವ ಚುಚ್ಚು ಅದೇ. ಕಾಲು ಎಂಎಲ್‌ಗಿಂತ ಹೆಚ್ಚು ಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಚುಚ್ಚುವ ಮೊದಲು ಪಕ್ಕದಲ್ಲಿ ಹತ್ತಿಯ ಬಡ್‌ನಿಂದ ಬಲವಾಗಿ ಒತ್ತಿ ಹಿಡಿದರೆ ನೋವು ನಿಜವಾಗಿಯೂ ಇಳಿಯುತ್ತದೆ.

ಕೆಳದವಡೆಯ ಸೂಜಿಯನ್ನು ಹತ್ತಿರದಿಂದ ನೋಡೋಣ. ಸೂಜಿ 1.5 ಇಂಚಿನದಿರಲಿ. ಸೂಜಿ ಒಳಗೆ ಹೋಗುವುದು 20ರಿಂದ 25 ಮಿಲಿಮೀಟರ್. 1 ಇಂಚಿನ ಸೂಜಿ ಬುಡದವರೆಗೆ ಮುಳುಗುತ್ತದೆ. ಸೂಜಿ ಮುರಿಯುವುದು ಬುಡದಲ್ಲೇ, ಮುರಿದರೆ ಹಿಡಿದೆಳೆಯಲು ಹೊರಗೆ ಏನೂ ಉಳಿಯುವುದಿಲ್ಲ. ಪೇಷೆಂಟ್ ಬಾಯಿ ಪೂರ್ತಿ ತೆರೆದಿರಬೇಕು. ಅರ್ಧ ತೆರೆದ ಬಾಯಿಗೆ ಹಾಕಿದರೆ ಸೋಲು ಖಚಿತ. ಹೆಬ್ಬೆರಳನ್ನು ಕೆಳಗಿನ ಕೊನೆಯ ಹಲ್ಲಿನ ಹಿಂದೆ, ನಿಂತ ಎಲುಬಿನ ಮುಂದಿನ ಅಂಚಿನ ಮೇಲೆ ಸರಿಸಿ. ಅಂಚು ಒಳಬಾಗಿರುವ ಜಾಗ ಬೆರಳಿಗೆ ಸಿಗುತ್ತದೆ. ಬಾಯಿ ಅಗಲವಾಗಿ ತೆರೆದಾಗ ಮೇಲಿನ ಹಲ್ಲಿನ ಹಿಂದಿನಿಂದ ಕೆಳಗಿನ ಹಲ್ಲಿನ ಹಿಂದಕ್ಕೆ ಹಗ್ಗದ ಹಾಗೆ ಬಿಗಿದು ನಿಲ್ಲುವ ಒಂದು ಮಡಿಕೆ ಕಾಣುತ್ತದೆ. ಬೆರಳಿನಿಂದ ಆ ಮಡಿಕೆಯ ಕಡೆಗೆ ಮುಕ್ಕಾಲು ಪಾಲು ದೂರ, ಕೆಳಹಲ್ಲುಗಳ ಅಗಿಯುವ ಮೇಲ್ಮೈಗಿಂತ 6ರಿಂದ 10 ಮಿಲಿಮೀಟರ್ ಎತ್ತರ: ಚುಚ್ಚುವ ಬಿಂದು ಅದು. ಸಿರಿಂಜಿನ ಹಿಂಭಾಗ ಎದುರು ಬದಿಯ ಸಣ್ಣ ದವಡೆ ಹಲ್ಲುಗಳ ಮೇಲಿರಬೇಕು.

ನಿಧಾನ ಒಳಗೆ ಹೋಗುತ್ತ ಎಲುಬು ತಾಗಬೇಕು. ತಾಗಿದರೆ ಒಂದು ಮಿಲಿಮೀಟರ್ ಹಿಂದೆ ಎಳೆದು, ಪಿಸ್ಟನ್ ಹಿಂದಕ್ಕೆ ಎಳೆದು ರಕ್ತ ಬರುತ್ತದೋ ನೋಡಿ, ಬಾರದಿದ್ದರೆ ಸುಮಾರು 1.5 ಎಂಎಲ್ ಔಷಧಿಯನ್ನು ಒಂದು ನಿಮಿಷಕ್ಕೆ ಕಡಿಮೆ ಇಲ್ಲದಂತೆ ಬಿಡಿ. ಈ ಒಂದು ನಿಮಿಷವನ್ನು ಅವಸರದ ದವಾಖಾನೆಗಳಲ್ಲಿ ಯಾರೂ ಕೊಡುವುದಿಲ್ಲ. ಸೂಜಿ ಎಂದರೆ ಜನ ಹೆದರುವುದಕ್ಕೆ ಅರ್ಧ ಕಾರಣ ಈ ಅವಸರ. ಆಮೇಲೆ ಸೂಜಿಯನ್ನು ಅರ್ಧಕ್ಕೆ ಹಿಂದೆಳೆದು ಮತ್ತೆ ರಕ್ತ ನೋಡಿ ಸ್ವಲ್ಪ ಬಿಟ್ಟರೆ ಲಿಂಗ್ವಲ್ ನರ ಹಿಡಿಯುತ್ತದೆ, ನಾಲಿಗೆಯ ಆ ಬದಿ ಮಲಗುತ್ತದೆ. ದವಡೆ ಹಲ್ಲಿನ ಹೊರಬದಿಯ ಒಸಡು ಮಾತ್ರ ಇನ್ನೂ ಎಚ್ಚರವಿರುತ್ತದೆ. ಅದರ ನರ ಬೇರೆ, ಲಾಂಗ್ ಬಕಲ್. ಕೊನೆಯ ಹಲ್ಲಿನ ಹಿಂದೆ, ಕೆನ್ನೆಯ ಕಡೆ 0.3 ಎಂಎಲ್ ಪ್ರತ್ಯೇಕ ಹಾಕಬೇಕು. "ಇಂಜೆಕ್ಷನ್ ಕೊಟ್ರೂ ನೋವಾತ್ರಿ" ಎನ್ನುವವರಲ್ಲಿ ಕೆಲವರಿಗೆ ನೋವಾದದ್ದು ಹಲ್ಲಲ್ಲ, ಈ ಒಸಡು.

ಎಲುಬು ತೀರ ಬೇಗ ತಾಗಿದರೆ ಸೂಜಿಯ ತುದಿ ಮುಂದಿದೆ ಎಂದರ್ಥ. ಸ್ವಲ್ಪ ಹಿಂದೆಳೆದು, ಸಿರಿಂಜನ್ನು ಎದುರು ಬದಿಯ ಕೋರೆ ಹಲ್ಲಿನ ಕಡೆ ತಂದು ಮತ್ತೆ ಒಳಗೆ ಹೋಗಬೇಕು. ಎಲುಬೇ ತಾಗದಿದ್ದರೆ ತುದಿ ಹಿಂದಕ್ಕೆ ಹೋಗಿದೆ. ಸಿರಿಂಜನ್ನು ಎದುರು ಬದಿಯ ದವಡೆ ಹಲ್ಲುಗಳ ಮೇಲೆ ತರಬೇಕು. ಎಲುಬು ತಾಗದೆ ಔಷಧಿ ಬಿಡುವುದು ದೊಡ್ಡ ತಪ್ಪು. ಯಾಕೆಂದರೆ ಹಿಂದೆ ಪರೋಟಿಡ್ ಜೊಲ್ಲುಗ್ರಂಥಿ ಇದೆ, ಅದರ ಒಡಲಲ್ಲೇ ಮುಖದ ಸ್ನಾಯುಗಳನ್ನು ನಡೆಸುವ ಏಳನೇ ನರ ಹರಡಿದೆ. ಔಷಧಿ ಅಲ್ಲಿ ಬಿದ್ದರೆ ಕೆಲ ನಿಮಿಷಗಳಲ್ಲಿ ಆ ಬದಿಯ ಹುಬ್ಬು ಏರುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ಬಾಯಿ ಸೊಟ್ಟಗಾಗುತ್ತದೆ. ಮನೆಯವರಿಗೆ ಲಕ್ವಾ ಹೊಡೆದಂತೆ ಕಾಣುತ್ತದೆ. ಔಷಧಿಯ ಶಕ್ತಿ ಇಳಿದ ಮೇಲೆ, ಕೆಲವು ಗಂಟೆಗಳಲ್ಲಿ, ಮೊದಲಿನಂತೆಯೇ ಆಗುತ್ತದೆ. ಅಲ್ಲಿಯವರೆಗೆ ಕಣ್ಣನ್ನು ಕೈಯಿಂದ ಮುಚ್ಚಿ ಪ್ಯಾಡ್ ಕಟ್ಟಿ ಒಣಗದಂತೆ ಕಾಯಬೇಕು, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಬೇಕು.

ನಾಲಿಗೆ ದಪ್ಪ ಆಯಿತು, ತುಟಿ ಆಗಲಿಲ್ಲ ಎಂದರೆ ಸೂಜಿ ತಗ್ಗಾಯಿತು, ರಂಧ್ರದ ಬಾಯಿಗಿಂತ ಕೆಳಗೆ ಬಿದ್ದಿತು. ಹೊಸಬರು ಮಾಡುವ ತಪ್ಪುಗಳಲ್ಲಿ ಇದೇ ಹೆಚ್ಚು. ತುಟಿ ಪೂರ್ತಿ ದಪ್ಪ ಆದರೂ ಹಲ್ಲು ಮುಟ್ಟಿದರೆ ಚೀರುತ್ತಾರೆ ಎಂದರೆ ಬೇರೆ ಲೆಕ್ಕ. ಮೊದಲ ದವಡೆ ಹಲ್ಲಿಗೆ ಕೆಲವರಲ್ಲಿ ಮೈಲೋಹಯಾಯ್ಡ್ ನರದ ಒಂದು ಎಳೆ ಬೇರೆ ದಾರಿಯಿಂದ ಬಂದು ಸೇರಿರುತ್ತದೆ, ಹಲ್ಲಿನ ಒಳಬದಿಗೆ ಸ್ವಲ್ಪ ಔಷಧಿ ಬಿಟ್ಟರೆ ಅದು ಸುಮ್ಮನಾಗುತ್ತದೆ. ಮುಂದಿನ ಹಲ್ಲುಗಳಿಗೆ ಎದುರು ಬದಿಯ ಎಳೆಗಳು ನಡುಗೆರೆ ದಾಟಿ ಬರುತ್ತವೆ. ಇನ್ನೊಂದು ಕಾರಣ ಬಾವು. ಸೂಜಿಯಲ್ಲಿ ಹಾಕುವ ಜೋಮಿನ ಔಷಧಿ ಲಿಗ್ನೋಕೇಯ್ನ್. ಅದು ನರದ ಪೊರೆ ದಾಟಬೇಕಾದರೆ ಅದರ ಅಣುಗಳು ವಿದ್ಯುತ್ ಆವೇಶವಿಲ್ಲದ ರೂಪದಲ್ಲಿರಬೇಕು. ಕೀವು, ಉರಿ ಇರುವ ಜಾಗ ಹುಳಿಯಾಗಿರುತ್ತದೆ, ಹುಳಿಯಲ್ಲಿ ಆ ರೂಪ ಕಡಿಮೆಯಾಗುತ್ತದೆ. ಜೊತೆಗೆ ದಿನಗಟ್ಟಲೆ ನೊಂದ ನರ ತಾನೇ ಕೆರಳಿರುತ್ತದೆ. ಎರಡು ವಾರ ಲವಂಗ ಇಟ್ಟುಕೊಂಡು, ಸುಣ್ಣ-ತಂಬಾಕು ಒತ್ತಿಕೊಂಡು, ತಡೆಯದೇ ಆದಾಗ ಬಂದವರ ಹಲ್ಲಿಗೆ ಸೂಜಿ ಹಿಡಿಯಲು ಕಷ್ಟವಾಗುವುದು ಇದರಿಂದ. ಡಾಕ್ಟರ ಕೈಗುಣ ದೂರುವ ಮೊದಲು ಇದನ್ನೂ ನೆನೆಯಬೇಕು.

ಪ್ರಮಾಣದ ವಿಷಯದಲ್ಲಿ ಅಂದಾಜು ಕೂಡದು. ನಮ್ಮಲ್ಲಿ ಹೆಚ್ಚು ಬಳಸುವುದು 30 ಎಂಎಲ್ ಬಾಟಲಿಯ 2% ಲಿಗ್ನೋಕೇಯ್ನ್, 1:80,000 ಅಥವಾ 1:2,00,000 ಪ್ರಮಾಣದಲ್ಲಿ, ರಕ್ತನಾಳ ಬಿಗಿಸುವ ಅಡ್ರಿನಲಿನ್ ಬೆರೆತದ್ದು. 2% ಎಂದರೆ ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ. ಅಡ್ರಿನಲಿನ್ ಜೊತೆ ಆರೋಗ್ಯವಂತ ದೊಡ್ಡವರಿಗೆ ಗರಿಷ್ಠ ಕಿಲೋಗೆ 7 ಮಿಲಿಗ್ರಾಂ, ಒಟ್ಟು 500 ಮೀರಬಾರದು. 50 ಕಿಲೋ ತೂಕದವರಿಗೆ 17.5 ಎಂಎಲ್ ಆಯಿತು, ಒಂದು ಹಲ್ಲಿಗೆ ಬೇಕಾದದ್ದು 2 ಎಂಎಲ್ ಚಿಲ್ಲರೆ. ಎಚ್ಚರ ಬೇಕಿರುವುದು ಮಕ್ಕಳಲ್ಲಿ: ಕಿಲೋಗೆ 4.4 ಮಿಲಿಗ್ರಾಂ ಹಿಡಿದರೆ 15 ಕಿಲೋ ಮಗುವಿಗೆ 3.3 ಎಂಎಲ್‌ಗೆ ಗಡಿ ಮುಗಿಯಿತು. ಹೃದಯದ ತೊಂದರೆ ಇದ್ದವರಿಗೆ ಅಡ್ರಿನಲಿನ್ ಒಟ್ಟು 0.04 ಮಿಲಿಗ್ರಾಂ ಒಳಗಿರಬೇಕು. 1:80,000 ಬಾಟಲಿಯಲ್ಲಿ ಅದು 3.2 ಎಂಎಲ್, 1:2,00,000 ಬಾಟಲಿಯಲ್ಲಿ 8 ಎಂಎಲ್. ಅದಕ್ಕೇ ಬಿಪಿ, ಶುಗರ್, ಹಾರ್ಟಿನ ಗುಳಿಗೆ ತಗೊಳ್ಳುವವರು ಚೀಟಿ ತಂದು ತೋರಿಸಬೇಕು. "ಏನಿಲ್ರಿ, ಎಲ್ಲಾ ಚಲೋ ಐತಿ" ಎಂದು ಮುಚ್ಚಿಟ್ಟರೆ ಕೆಡುಕು ತಮಗೇ.

ಹಲ್ಲು ಒಂದು ತಾಸು ಮಲಗಿದರೆ ತುಟಿ, ನಾಲಿಗೆ ಮೂರರಿಂದ ಐದು ತಾಸು ಮಲಗಿರುತ್ತವೆ. ಆ ಹೊತ್ತಲ್ಲಿ ಖಡಕ್ ಚಹಾ ಬಾಯಿ ಸುಟ್ಟರೂ ಗೊತ್ತಾಗದು. ಮಕ್ಕಳು ತುಟಿಯನ್ನು ಚಾಕೊಲೇಟಿನಂತೆ ಅಗಿದುಬಿಡುತ್ತಾರೆ. ಮರುದಿನ ಬಿಳಿ ಹುಣ್ಣಾಗಿ ಊದಿದ ತುಟಿ ನೋಡಿ ತಾಯಂದಿರು ಇನ್‌ಫೆಕ್ಷನ್ ಎಂದು ಓಡಿಬರುತ್ತಾರೆ. ಮಗುವನ್ನು ಪೂರ್ತಿ ಜೋಮು ಇಳಿಯುವವರೆಗೆ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ. ಮರುದಿನ ಬಾಯಿ ತೆರೆಯಲು ಬಿಗಿ ಅನಿಸಿದರೆ ಸೂಜಿ ಒಳಗಿನ ಅಗಿಯುವ ಸ್ನಾಯುವನ್ನು ಹಾದಿತ್ತು ಎಂದು ತಿಳಿಯಬೇಕು. ಬೆಚ್ಚಗಿನ ಉಪ್ಪುನೀರು, ಹೊರಗಿನಿಂದ ಶಾಖ, ಆಗಾಗ ಬಾಯಿ ತೆರೆದು ಮುಚ್ಚುವುದು. ಎರಡು ಮೂರು ದಿನದಲ್ಲಿ ಸಡಿಲಾಗಬೇಕು. ಆಗದೆ ಜ್ವರ, ಬಾವು ಬಂದರೆ ತಿರುಗಿ ಹೋಗಿ ತೋರಿಸಬೇಕು.

ಇನ್ನು ನಾಲಿಗೆ. ಇಷ್ಟು ಸಣ್ಣ ಅಂಗಕ್ಕೆ ಇಷ್ಟು ನರಗಳ ಪಾಲುಗಾರಿಕೆ ದೇಹದಲ್ಲಿ ಬೇರೆಲ್ಲೂ ಅಪರೂಪ. ಮುಂದಿನ ಮೂರನೇ ಎರಡು ಪಾಲಿನ ಸ್ಪರ್ಶ, ನೋವು, ಬಿಸಿ ಲಿಂಗ್ವಲ್ ನರದ್ದು. ಅದೇ ಭಾಗದ ರುಚಿ ಮಾತ್ರ ಏಳನೇ ನರದ ಕಾರ್ಡಾ ಟಿಂಪಾನಿ ಎಂಬ ಎಳೆಯದು. ಹಿಂದಿನ ಮೂರನೇ ಒಂದು ಪಾಲಿಗೆ ಸ್ಪರ್ಶವೂ ರುಚಿಯೂ ಎರಡನ್ನೂ ಒಂಬತ್ತನೇ ನರ ನೋಡುತ್ತದೆ. ತೀರ ಬುಡದಲ್ಲಿ, ಶ್ವಾಸನಾಳದ ಮುಚ್ಚಳದ ಬಳಿ, ಹತ್ತನೆಯದು. ಅಲುಗಾಡಿಸುವುದು ಹನ್ನೆರಡನೆಯದು, ಹೈಪೋಗ್ಲಾಸಲ್. ಒಂದು ಸ್ನಾಯು ಮಾತ್ರ, ಅಂಗುಳಿನಿಂದ ಇಳಿಯುವ ಪ್ಯಾಲಟೊಗ್ಲಾಸಸ್, ಹತ್ತನೆಯದರ ಸುಪರ್ದಿಯಲ್ಲಿದೆ. ಓದುವ ಮಕ್ಕಳು ಇದನ್ನು ಬಾಯಿಪಾಠ ಮಾಡಿ ಮರೆಯುತ್ತಾರೆ. ಕಾರಣ ಹಿಡಿದರೆ ಮರೆಯದು. ಗರ್ಭದಲ್ಲಿ ನಾಲಿಗೆಯ ಹೊದಿಕೆ ಒಂದೇ ತುಂಡಾಗಿ ಹುಟ್ಟುವುದಿಲ್ಲ. ಭ್ರೂಣದ ಕುತ್ತಿಗೆಯ ಕಡೆ ಸಾಲಾಗಿ ಏಳುವ ಕಮಾನಿನಂಥ ಉಬ್ಬುಗಳಲ್ಲಿ, ಮುಂಭಾಗ ಮೊದಲನೆಯದರಿಂದ, ಹಿಂಭಾಗ ಮೂರನೆಯದರಿಂದ, ಬುಡ ನಾಲ್ಕನೆಯದರಿಂದ ಬಂದು ಕೂಡುತ್ತವೆ. ಪ್ರತಿ ತುಂಡೂ ತನ್ನ ನರವನ್ನು ಜೊತೆಗೆ ತರುತ್ತದೆ. ಸ್ನಾಯುಗಳು ತಲೆಯ ಹಿಂಬದಿಯಿಂದ ವಲಸೆ ಬರುತ್ತವೆ, ಅವೂ ತಮ್ಮ ನರವನ್ನು ಎಳೆದುಕೊಂಡೇ ಬರುತ್ತವೆ.

ಕಾರ್ಡಾ ಟಿಂಪಾನಿಯ ಹಾದಿ ವಿಚಿತ್ರ. ಅದು ಕಿವಿಯ ತಮಟೆಯ ಒಳಮಗ್ಗುಲನ್ನು ಹಾದು ಕೆಳಗಿಳಿದು ಲಿಂಗ್ವಲ್ ನರವನ್ನು ಕೂಡಿಕೊಂಡು ನಾಲಿಗೆ ಸೇರುತ್ತದೆ. ಹೀಗಾಗಿ ಕಿವಿ ಆಪರೇಶನ್ ಆದವರು ಕೆಲವರು "ಬಾಯಾಗ ತಾಮ್ರದ ರುಚಿ ಬರಾಕತ್ತೈತ್ರಿ" ಎನ್ನುತ್ತಾರೆ. ಅದು ಭ್ರಮೆಯಲ್ಲ, ನರಕ್ಕೆ ಕೈ ತಾಗಿದ ಗುರುತು.

ಖಾರದ ಮಾತು ಇಲ್ಲಿ ಬರಲೇಬೇಕು. ಖಾರ ರುಚಿಯಲ್ಲ. ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ರುಚಿಗಳು, ಅವು ರುಚಿಮೊಗ್ಗಿನಿಂದ ಹೋಗುತ್ತವೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೋವಿನ ಎಳೆಗಳ ಮೇಲಿರುವ ಟಿಆರ್‌ಪಿವಿ1 ಎಂಬ ಬಾಗಿಲನ್ನು ತೆರೆಯುತ್ತದೆ. ಅದೇ ಬಾಗಿಲು ಸುಮಾರು 43 ಡಿಗ್ರಿ ಬಿಸಿಗೂ ತೆರೆಯುತ್ತದೆ. ಆದ್ದರಿಂದ ಮೆದುಳಿಗೆ ಹೋಗುವ ಸುದ್ದಿ ಒಂದೇ: ಸುಡುತ್ತಿದೆ. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮಿರ್ಚಿ ಭಜಿ ತಿಂದ ಮೇಲೆ ಹದವಾಗಿದ್ದ ಚಹಾ ಕೂಡ ನಾಲಿಗೆ ಸುಡುವುದೇಕೆ ಎಂದರೆ, ಕ್ಯಾಪ್ಸೈಸಿನ್ ಇರುವಾಗ ಆ ಬಾಗಿಲು ಇನ್ನೂ ಕಡಿಮೆ ಬಿಸಿಗೇ ತೆರೆದುಕೊಳ್ಳುತ್ತದೆ. ನೀರು ಕುಡಿದರೆ ಖಾರ ಇಳಿಯದು, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಕೊಬ್ಬಿನಲ್ಲಿ ಕರಗುತ್ತದೆ, ಹಾಲಿನ ಕೇಸಿನ್ ಪ್ರೋಟೀನಿಗೆ ಅಂಟುತ್ತದೆ. ರೊಟ್ಟಿ-ರಂಜಕದ ಪಕ್ಕದಲ್ಲಿ ಬೆಣ್ಣೆ, ಗಟ್ಟಿ ಮೊಸರು ಇಡುವ ನಮ್ಮ ತಾಯಂದಿರ ಪದ್ಧತಿ ನೂರಕ್ಕೆ ನೂರು ಸರಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಕ್ಯಾಪ್ಸೈಸಿನ್ ಕಡಿಮೆ. ಅದಕ್ಕೇ ಕಣ್ಣಿಗೆ ಬೆಂಕಿಯಂತೆ ಕಾಣುವ ಸಾರು ನಾಲಿಗೆಯನ್ನು ಅಷ್ಟು ಸುಡುವುದಿಲ್ಲ.

ನಾಲಿಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ಶಾಲೆಯಲ್ಲಿ ಬರೆಸಿದ ನಕಾಶೆಯನ್ನು ಅಳಿಸಿಹಾಕಿ. 1901ರ ಒಂದು ಜರ್ಮನ್ ಪ್ರಬಂಧದ ಅಂಕಿಗಳನ್ನು ತಪ್ಪಾಗಿ ಓದಿ ಹುಟ್ಟಿದ ಚಿತ್ರ ಅದು. ರುಚಿಮೊಗ್ಗು ಇರುವಲ್ಲೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ.

ಕನ್ನಡಿ ಮುಂದೆ ನಾಲಿಗೆ ಪೂರ್ತಿ ಹೊರಹಾಕಿ ನೋಡಿದವರು ಹಿಂದೆ ವಿ ಆಕಾರದಲ್ಲಿ 8ರಿಂದ 12 ದೊಡ್ಡ ಗುಳ್ಳೆಗಳನ್ನು ಕಂಡು ಕ್ಯಾನ್ಸರ್ ಎಂದು ನಿದ್ದೆಗೆಡುತ್ತಾರೆ. ಅವು ಎಲ್ಲರಿಗೂ ಇರುತ್ತವೆ, ರುಚಿಮೊಗ್ಗುಗಳನ್ನು ಹೊತ್ತ ಸಹಜ ಗುಬಟುಗಳು. ಎರಡೂ ಕಡೆ ಒಂದೇ ತರ ಇದ್ದರೆ ಹೆದರಬೇಕಿಲ್ಲ. ಹೆದರಬೇಕಾದದ್ದು ನಾಲಿಗೆಯ ಪಕ್ಕದ ಅಂಚಿನಲ್ಲಿ ಒಂದೇ ಕಡೆ ಎದ್ದು, ಎರಡು ವಾರ ಕಳೆದರೂ ಮಾಯದ, ಮುಟ್ಟಿದರೆ ಗಟ್ಟಿ ಅನಿಸುವ ಹುಣ್ಣಿಗೆ. ಅದು ನೋಯದಿದ್ದರೂ ಸರಿ, ತೋರಿಸಿ. ಚಾಚಿದ ನಾಲಿಗೆ ಒಂದು ಬದಿಗೆ ವಾಲಿದರೆ ಅದು ವಾಲಿದ ಬದಿಯೇ ದುರ್ಬಲ: ನಾಲಿಗೆಯನ್ನು ಮುಂದೆ ನೂಕುವ ಜೀನಿಯೊಗ್ಲಾಸಸ್ ಸ್ನಾಯು ಎರಡು ಕಡೆ ಇದೆ, ಗಟ್ಟಿಮುಟ್ಟಾದದ್ದು ಸೋತದ್ದರ ಕಡೆಗೆ ನೂಕಿಬಿಡುತ್ತದೆ. ಕಿರುನಾಲಿಗೆಯಲ್ಲಿ ಲೆಕ್ಕ ಉಲ್ಟಾ, ಅದು ಗಟ್ಟಿ ಇರುವ ಕಡೆಗೆ ಎಳೆದುಕೊಳ್ಳುತ್ತದೆ.

ಬುದ್ಧಿ ಹಲ್ಲಿನ ವಿಷಯದಲ್ಲಿ ಎರಡು ನರಗಳ ನೆರೆ ತಿಳಿದಿರಲಿ. ಬೇರಿನ ಕೆಳಗೆ ಕಾಲುವೆಯ ನರ, ಒಳಬದಿಯ ಒಸಡಿನ ಕೆಳಗೆ ಲಿಂಗ್ವಲ್. ಎಕ್ಸ್‌ರೇಯಲ್ಲಿ ಬೇರು ಕಾಲುವೆಯನ್ನು ದಾಟುವ ಕಡೆ ಕಪ್ಪಾಗಿ ಕಂಡರೆ, ಕಾಲುವೆಯ ಬಿಳಿ ಗೆರೆ ಅಲ್ಲಿ ಕಡಿದುಹೋಗಿದ್ದರೆ, ಇಲ್ಲವೆ ಕಾಲುವೆಯೇ ಬಾಗಿ ಹೊರಳಿದ್ದರೆ ನರ ಬೇರಿಗೆ ಅಂಟಿದೆ ಎಂದು ಸಂಶಯ ಪಡಬೇಕು. ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸದೆ ಅಂಥ ಹಲ್ಲಿಗೆ ಕೈ ಹಾಕುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತೀರ ಅಂಟಿದ್ದರೆ ತಲೆಭಾಗ ಮಾತ್ರ ಕತ್ತರಿಸಿ ಬೇರು ಬಿಡುವ ಕೊರೊನೆಕ್ಟಮಿ ಎಂಬ ದಾರಿಯೂ ಇದೆ. ಕಿತ್ತ ಮೇಲೆ ತುಟಿಯೋ ನಾಲಿಗೆಯೋ ಮರುದಿನವೂ ದಪ್ಪವೇ ಇದ್ದರೆ ಡಾಕ್ಟರಿಗೆ ಅಂದೇ ಹೇಳಬೇಕು. ಹೆಚ್ಚಿನವರಿಗೆ ವಾರ-ತಿಂಗಳುಗಳಲ್ಲಿ ತಿರುಗಿ ಬರುತ್ತದೆ. ಮೊದಲು ಜುಮುಜುಮು ಶುರುವಾಗುವುದು ಒಳ್ಳೆಯ ಲಕ್ಷಣ. ಮೂರು ತಿಂಗಳಾದರೂ ಏನೂ ಬದಲಾಗದಿದ್ದರೆ ಬಾಯಿ-ದವಡೆ ಸರ್ಜನ್ ಹತ್ತಿರ ಹೋಗಲೇಬೇಕು, ನರ ಹೊಲಿಯಲು ತಡವಾದಷ್ಟೂ ಫಲ ಕಡಿಮೆ.

ದವಡೆಯ ಕೀಲನ್ನು ನೀವೇ ಮುಟ್ಟಿ ನೋಡಬಹುದು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ. ಮೊದಲ 20-25 ಮಿಲಿಮೀಟರ್ ಕೀಲು ಇದ್ದಲ್ಲೇ ತಿರುಗುತ್ತದೆ, ಆಮೇಲೆ ಬೆರಳಿನ ಕೆಳಗೆ ಗುಳಿ ಬಿದ್ದಂತೆ ಮುಂದಕ್ಕೆ ಜಾರುತ್ತದೆ. ಮುಂದೆ ಎಲುಬಿನ ಒಂದು ದಿಬ್ಬ ಇದೆ. ಜೋರಾಗಿ ಆಕಳಿಸುವಾಗ ಕೀಲು ದಿಬ್ಬ ದಾಟಿ ಆಚೆ ಸಿಕ್ಕಿಕೊಂಡರೆ ಬಾಯಿ ತೆರೆದದ್ದು ತೆರೆದಂತೆಯೇ. ಸ್ನಾಯುಗಳು ಬಿಗಿದು ಅದನ್ನು ಅಲ್ಲೇ ಹಿಡಿಯುತ್ತವೆ. ಗದ್ದವನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚಿಸಲು ಮನೆಯವರು ಹೆಣಗಬಾರದು, ದಿಬ್ಬಕ್ಕೆ ಇನ್ನಷ್ಟು ಗಿಟ್ಟುತ್ತದೆ. ಕೂರಿಸುವ ದಾರಿ ಇದು: ಪೇಷೆಂಟ್ ತಗ್ಗಾಗಿ ಕೂತಿರಬೇಕು, ಡಾಕ್ಟರ್ ಎದುರು ನಿಂತು, ಹೆಬ್ಬೆರಳುಗಳಿಗೆ ದಪ್ಪ ಗಾಜ್ ಸುತ್ತಿ ಕೆಳದವಡೆ ಹಲ್ಲುಗಳ ಮೇಲಿಟ್ಟು, ಮೊದಲು ಕೆಳಕ್ಕೆ ಒಂದೇ ಸಮ ಒತ್ತಿ, ಸ್ನಾಯು ಸೋತದ್ದು ತಿಳಿದ ಮೇಲೆ ಹಿಂದಕ್ಕೆ ನೂಕಬೇಕು. ಕೂರುವಾಗ ಹಲ್ಲು ಫಟ್ ಎಂದು ಮುಚ್ಚುತ್ತದೆ, ಗಾಜ್ ಅದಕ್ಕೇ. ತಾಸುಗಟ್ಟಲೆ ಆಗಿದ್ದರೆ ಸ್ನಾಯು ಸಡಿಲಿಸುವ ಔಷಧಿ ಬೇಕಾಗುತ್ತದೆ.

ಇದರ ತಿರುಗುಮುರುಗು ಕಾಯಿಲೆ ನಮ್ಮ ಊರಿನ ದೊಡ್ಡ ಸಂಕಟ: ಬಾಯಿ ತೆರೆಯದಿರುವುದು. ತಮ್ಮದೇ ಮೂರು ಬೆರಳುಗಳನ್ನು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಲು ಆಗಬೇಕು. ದೊಡ್ಡವರಲ್ಲಿ ಸಾಮಾನ್ಯ ತೆರಪು 35ರಿಂದ 50 ಮಿಲಿಮೀಟರ್. ಗುಟ್ಖಾ, ಅಡಿಕೆ ಮೆಲ್ಲುವ ಹುಡುಗರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬೆಳ್ಳಗಾಗಿ, ಬೆರಳಿಟ್ಟರೆ ಹುರಿಯಂತೆ ಸಿಗುತ್ತದೆ. ಮೊದಲ ಗುರುತು ತೆರಪಲ್ಲ, ಉರಿ. ನಿನ್ನೆಯವರೆಗೆ ರಂಜಕ ತಿಂದವನಿಗೆ ಇಂದು ಸಪ್ಪೆ ಪಲ್ಯವೂ ಉರಿಯುತ್ತದೆ. ಒಳಪದರ ತೆಳುವಾಗಿ ನೋವಿನ ಎಳೆಗಳು ಬರಿದಾಗಿರುತ್ತವೆ. ಅಡಿಕೆಯ ಅರೆಕೋಲಿನ್ ನಾರು ಹೆಚ್ಚಿಸುತ್ತದೆ, ಅಡಿಕೆಯ ತಾಮ್ರ ಆ ನಾರನ್ನು ಬಿಗಿಯುತ್ತದೆ. ತಂಬಾಕು ಬೆರೆಸದೆ ಬರೀ ಅಡಿಕೆ ಮೆದ್ದರೂ ಬರುತ್ತದೆ. ರಾಜ್ಯದಲ್ಲಿ ಗುಟ್ಖಾ 2013ರಲ್ಲೇ ನಿಷೇಧವಾಯಿತು, ಆದರೆ ಪಾನ್ ಮಸಾಲೆ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಎಂದು ಜೋಡಿಯಾಗಿ ಮಾರುತ್ತಾರೆ, ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಖಾ. ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ. ಅಡಿಕೆ-ಗುಟ್ಖಾ ಬಿಟ್ಟರೆ ಮುಂದುವರಿಯುವುದು ತಗ್ಗಬಹುದು, ಐಸ್‌ಕ್ರೀಮ್ ಕಡ್ಡಿಗಳನ್ನು ಹಲ್ಲುಗಳ ನಡುವೆ ಒಂದರ ಮೇಲೊಂದು ಸೇರಿಸುತ್ತ ದಿನಕ್ಕೆ ನಾಲ್ಕೈದು ಸಲ ಹಿಗ್ಗಿಸುವ ವ್ಯಾಯಾಮದಿಂದ ಕೆಲವು ಮಿಲಿಮೀಟರ್ ಸಿಗುತ್ತದೆ. ಅದರೊಳಗೆ ಕ್ಯಾನ್ಸರ್ ಹುಟ್ಟುವ ಭಯ ಇರುವುದರಿಂದ ಬಿಟ್ಟ ಮೇಲೂ ತಪಾಸಣೆ ತಪ್ಪಿಸಬಾರದು.

ಬೇರೆ ಜಾಗದಲ್ಲಿ ಕಾಣುವ ನೋವಿನ ಬಗ್ಗೆ. ಚಿಗರಿ ಬಸ್ಸಿನಲ್ಲಿ ಸತ್ತೂರಿನಲ್ಲಿ ಹತ್ತಿದವರೂ ನವನಗರದಲ್ಲಿ ಹತ್ತಿದವರೂ ಉಣಕಲ್ಲಿನಲ್ಲಿ ಹತ್ತಿದವರೂ ಹುಬ್ಬಳ್ಳಿಯಲ್ಲಿ ಒಂದೇ ಬಾಗಿಲಿಂದ ಇಳಿಯುತ್ತಾರೆ. ಇಳಿಯುವವರನ್ನು ಮಾತ್ರ ನೋಡಿದರೆ ಯಾರು ಎಲ್ಲಿ ಹತ್ತಿದರೋ ಹೇಳಲಾಗದು. ಕೆಳಗಿನ ದವಡೆ ಹಲ್ಲು, ಕೀಲು, ಕಿವಿಯ ಮುಂಭಾಗ, ಕಣತಲೆ, ಎಲ್ಲದರ ಎಳೆಗಳೂ ಮೂರನೆಯ ಕವಲಿನಲ್ಲಿ ಹೋಗಿ ಒಂದೇ ನಿಲ್ದಾಣದಲ್ಲಿ ಇಳಿಯುತ್ತವೆ. ಆದ್ದರಿಂದ ಕಿವಿ ಶುದ್ಧ ಇದ್ದೂ ಕಿವಿ ನೋವು ಎಂದರೆ ಅದೇ ಬದಿಯ ಕೆಳಹಲ್ಲು ಬಡಿದು ನೋಡಬೇಕು. ಮೇಲಿನ ಹಲ್ಲುಗಳೆಲ್ಲ ಒಟ್ಟಿಗೆ ನೋಯುತ್ತ ಬಗ್ಗಿದರೆ ಹೆಚ್ಚಾಗುತ್ತಿದ್ದರೆ ಸೈನಸ್ ನೋಡಬೇಕು. ನಡೆದಾಗ, ಮೆಟ್ಟಿಲು ಹತ್ತಿದಾಗ ಎಡದವಡೆ ಹಿಡಿದುಕೊಂಡಂತಾಗಿ ನಿಂತರೆ ಹೋಗುತ್ತಿದ್ದರೆ ಹಲ್ಲಿನ ಡಾಕ್ಟರ್ ಹತ್ತಿರ ಬರಬೇಡಿ, ಇಸಿಜಿ ಮಾಡಿಸಿ. ಬೆವರು, ಉಸಿರಾಟದ ತೊಂದರೆ ಕೂಡಿದರೆ 108ಕ್ಕೆ ಫೋನ್ ಮಾಡಿ. ಮುಖ ತೊಳೆದಾಗ, ಗಾಳಿ ಬಡಿದಾಗ, ಕರೆಂಟ್ ಹೊಡೆದಂತೆ ಕೆಲವು ಸೆಕೆಂಡ್ ನೋವು, ಆಮೇಲೆ ಪೂರ್ತಿ ಇಲ್ಲ, ಮತ್ತೆ ಬಡಿತ, ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಹಲ್ಲು ನೋವೆಂದು ನಂಬಿ ಒಂದಾದ ಮೇಲೊಂದು ಗಟ್ಟಿ ಹಲ್ಲು ಕೀಳಿಸಿಕೊಂಡವರು ಇದ್ದಾರೆ. ಇದಕ್ಕೆ ಮದ್ದು ಇಕ್ಕಳವಲ್ಲ, ಕಾರ್ಬಮಜೆಪಿನ್ ಗುಳಿಗೆ. ಅದನ್ನೂ ನರರೋಗ ತಜ್ಞರು ರಕ್ತ ಪರೀಕ್ಷೆ ನೋಡಿಕೊಂಡೇ ಕೊಡಬೇಕು.

ಕೀವು ಹರಿಯುವ ದಾರಿಯೂ ಎಲುಬಿನ ಮೇಲಿನ ಒಂದು ಗೆರೆಯ ಮೇಲೆ ನಿಂತಿದೆ. ಕೆಳದವಡೆಯ ಒಳಮೈಯಲ್ಲಿ ಬಾಯಿಯ ನೆಲಕ್ಕೆ ಚಾಪೆಯಂತೆ ಹಾಸಿದ ಮೈಲೋಹಯಾಯ್ಡ್ ಸ್ನಾಯು ಅಂಟಿದೆ. ಎರಡನೇ ಮತ್ತು ಮೂರನೇ ದವಡೆ ಹಲ್ಲುಗಳ ಬೇರು ಆ ಗೆರೆಗಿಂತ ಕೆಳಗೆ ಇಳಿದಿರುತ್ತದೆ. ಅವುಗಳ ಕೀವು ಬಾಯಿಗೆ ಬಾರದೆ ಕುತ್ತಿಗೆಗೆ ಇಳಿಯುತ್ತದೆ. ಗದ್ದದ ಕೆಳಗೆ ಎರಡೂ ಕಡೆ ಹಲಗೆಯಂತೆ ಗಟ್ಟಿಯಾಗಿ, ನಾಲಿಗೆ ಮೇಲೆದ್ದು, ಜೊಲ್ಲು ನುಂಗಲಾಗದೆ ಸುರಿಯುತ್ತಿದ್ದರೆ ಅದು ಲುಡ್ವಿಗ್ಸ್ ಆಂಜೈನಾ. ಉಸಿರು ಕಟ್ಟಲು ತಾಸುಗಳು ಸಾಕು. ಗುಳಿಗೆ ನುಂಗಿ ಬೆಳಗಾಗಲಿ ಎಂದು ಕಾಯುವಂತಿಲ್ಲ, ರಾತ್ರಿಯೇ ದೊಡ್ಡಾಸ್ಪತ್ರೆಯ ತುರ್ತು ಚಿಕಿತ್ಸೆಗೆ ಹೋಗಬೇಕು.

ಮತ್ತೆ ತುಟಿಗೆ. ಇಂಜೆಕ್ಷನ್ ಕೊಟ್ಟಾಗ ದಪ್ಪ ಆಗದಿದ್ದರೆ ಡಾಕ್ಟರಿಗೆ ಚಿಂತೆ. ಇಂಜೆಕ್ಷನ್ ಇಲ್ಲದೆ, ಹಲ್ಲು ಕೀಳಿಸದೆ, ಪೆಟ್ಟು ಬೀಳದೆ, ಕೆಳತುಟಿಯ ಒಂದು ಬದಿ ಮತ್ತು ಗದ್ದ ತಾನಾಗಿ ದಪ್ಪ ಆದರೆ ನಿಮಗೆ ಚಿಂತೆ ಇರಬೇಕು. ನೋವಿಲ್ಲ ಎಂದು ಜನ ಇದನ್ನು ತಿಂಗಳುಗಟ್ಟಲೆ ಬಿಡುತ್ತಾರೆ. ಆ ಕಾಲುವೆಯ ಎಲ್ಲೋ ಒಂದು ಕಡೆ ನರವನ್ನು ಏನೋ ಅದುಮುತ್ತಿದೆ ಅಥವಾ ತಿನ್ನುತ್ತಿದೆ: ಎಲುಬಿನ ಸೋಂಕು, ಗಂಟು, ಕೆಲವೊಮ್ಮೆ ದೇಹದ ಬೇರೆ ಭಾಗದಿಂದ ಎಲುಬಿಗೆ ಬಂದು ಕುಳಿತ ಕ್ಯಾನ್ಸರ್, ಲಿಂಫೋಮಾ. ಅದೇ ಹೊತ್ತಿಗೆ ಕೈಯೂ ಜೋಮು ಹಿಡಿದು ಮಾತು ತೊದಲಿದರೆ ಪಾರ್ಶ್ವವಾಯು ಎಂದು ತಿಳಿದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬರೀ ತುಟಿ-ಗದ್ದ ಮಾತ್ರ ಎಂದರೆ ಆ ವಾರದಲ್ಲೇ ಪೂರ್ತಿ ದವಡೆಯ ಓಪಿಜಿ ಎಕ್ಸ್‌ರೇ ತೆಗೆಸಿ. ಕಣ್ಣು ಮುಚ್ಚಿಕೊಂಡು, ಹತ್ತಿಯ ಎಳೆಯಿಂದ ತುಟಿಯ ಎರಡೂ ಬದಿಯನ್ನು ಮನೆಯವರಿಂದ ಮುಟ್ಟಿಸಿಕೊಳ್ಳಿ. ಎಲ್ಲಿಂದ ಎಲ್ಲಿಯವರೆಗೆ ತಿಳಿಯುವುದಿಲ್ಲವೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಫೋಟೋ ತೆಗೆದು ತಾರೀಖಿನ ಸಮೇತ ಒಯ್ದು ತೋರಿಸಿ. ಮುಂದಿನ ಸಲ ಹೋದಾಗ ಆ ಗೆರೆ ಹಿಗ್ಗಿದೆಯೋ ಕುಗ್ಗಿದೆಯೋ ಎಂದೇ ಡಾಕ್ಟರು ಮೊದಲು ನೋಡುತ್ತಾರೆ.